ಎಮೋಜಿಯಲ್ಲಿ ಅಚಿಹ್ನಿತ ರೂಪ: ಒಳಗೊಳ್ಳುವಿಕೆಯ ಬೇಡಿಕೆಯ ಭಾಷಿಕ ನೆಲೆ

ಎಮೋಜಿಗಳಲ್ಲಿ ಎಲ್ಲರಿಗೂ ಸ್ಥಾನ ದೊರೆಯಬೇಕೆಂಬ ಬೇಡಿಕೆಯನ್ನು ಸಾಮಾನ್ಯವಾಗಿ ಶಬ್ದಕೋಶದ ವಿಸ್ತರಣೆಯೆಂದೇ ತಿಳಿಯಲಾಗುತ್ತದೆ. ಇಲ್ಲದ ಚಿತ್ರವೊಂದನ್ನು ಸೇರಿಸಿದರೆ ಮುಗಿಯಿತು. ಕೆಲವೆಡೆ ಇದು ನಿಜ. ಬರ್ಲಿನ್‌ನಲ್ಲಿ ನೆಲೆಸಿದ್ದ ಸೌದಿ ಮೂಲದ 15 ವರ್ಷದ ರಯೂಫ್ ಅಲ್‌ಹುಮೇದಿ 2016ರಲ್ಲಿ ಯೂನಿಕೋಡ್ ಒಕ್ಕೂಟಕ್ಕೆ ಪ್ರಸ್ತಾವ ಸಲ್ಲಿಸಿದರು. ಮರುವರ್ಷವೇ ತಲೆವಸ್ತ್ರ ಧರಿಸಿದ ಮಹಿಳೆಯ ಎಮೋಜಿ ಬಂದಿತು. 2019ರಲ್ಲಿ ಗಾಲಿಕುರ್ಚಿ, ಶ್ರವಣಸಾಧನ ತೊಟ್ಟ ಕಿವಿ, ಮಾರ್ಗದರ್ಶಿ ನಾಯಿಗಳೂ, ಅವುಗಳೊಡನೆ ನಮ್ಮ ಸೀರೆ, ಆಟೋರಿಕ್ಷಾಗಳೂ ಸೇರಿದವು. ಆದರೆ ವಿವಾದದ ತಿರುಳು ಬೇರೆಡೆ ಇದೆಯೆಂಬುದು ನಮ್ಮ ಅಭಿಪ್ರಾಯ.

ಪೊಲೀಸ್ ಅಧಿಕಾರಿಯ ಸಂಕೇತಕ್ಕೆ ಯೂನಿಕೋಡ್ ಕೊಟ್ಟ ಹೆಸರಿನಲ್ಲಿ ಲಿಂಗದ ಸೂಚನೆಯೇ ಇರಲಿಲ್ಲ. ಕಂಪನಿಗಳು ಬರೆದ ಚಿತ್ರ ಮಾತ್ರ ಗಂಡಸಿನದು. ಕೇಶಕರ್ತನದ ಸಂಕೇತದ ಹೆಸರೂ ಅಷ್ಟೇ ತಟಸ್ಥ. ಚಿತ್ರದಲ್ಲಿ ಕಾಣುತ್ತಿದ್ದವಳು ಹೆಣ್ಣು. ಹೆಸರು ತೆರವಾಗಿ ಬಿಟ್ಟ ಜಾಗವನ್ನು ರೂಢಿ ತುಂಬಿತು. ವಿಶೇಷವಾಗಿ ಏನನ್ನೂ ಸೂಚಿಸದಿದ್ದಾಗ ತಾನಾಗಿ ಒದಗುವ ಇಂಥದನ್ನೇ ಅಚಿಹ್ನಿತ ರೂಪವೆನ್ನುತ್ತೇವೆ. 2016ರಲ್ಲಿ ಸ್ತ್ರೀ, ಪುರುಷ ಚಿಹ್ನೆಗಳನ್ನು ಜೋಡಿಸಿದ ಪ್ರತ್ಯೇಕ ರೂಪಗಳು ಬಂದರೂ ಮೂಲರೂಪದ ಚಿತ್ರ ಹಾಗೆಯೇ ಉಳಿಯಿತು. ಗೂಗಲ್, ಆಪಲ್‌ಗಳು ಅದನ್ನು ಲಿಂಗತಟಸ್ಥವಾಗಿ ಬರೆಯತೊಡಗಿದ್ದು 2019ರಲ್ಲಿ. ಕನ್ನಡದಲ್ಲಿ ‘ವೈದ್ಯ’, ‘ವೈದ್ಯೆ’ಗಳ ಜೊತೆಗೆ ‘ವೈದ್ಯರು’ ಎಂಬುದಿದೆಯಲ್ಲವೆ, ಅಂಥ ರೂಪವಿದು. (ನಮ್ಮ ಗೌರವಸೂಚಕ ಬಹುವಚನ ಲಿಂಗವನ್ನು ಸುಲಭವಾಗಿ ಮರೆಸುತ್ತದೆ, ಎಮೋಜಿಗಾದರೋ ಮುಖವೊಂದನ್ನು ಬರೆಯಲೇಬೇಕು.)

ಜೋಡಣೆಯ ವಿಧಾನವೂ ಕನ್ನಡ ಲಿಪಿಗೆ ಹೊಸತಲ್ಲ. ಮಹಿಳೆಯ ಸಂಕೇತಕ್ಕೆ ಲ್ಯಾಪ್‌ಟಾಪಿನ ಸಂಕೇತವನ್ನು ಕೂಡಿಸಿ ತಂತ್ರಜ್ಞೆಯನ್ನು ಸಾಧಿಸುವುದು ‘ಜೀರೋ ವಿಡ್ತ್ ಜಾಯ್ನರ್’ ಎಂಬ ಅಗೋಚರ ಅಕ್ಷರ. ‘ರ‍್ಯಾಂಕ್’ ಎಂದು ಟೈಪಿಸುವಾಗ ರಕಾರವು ಅರ್ಕಾವತ್ತಾಗದಂತೆ ತಡೆಯುವುದೂ ಅದೇ. ಚರ್ಮದ ಬಣ್ಣವಾದರೋ ಪ್ರಕೃತಿಗೆ ಪ್ರತ್ಯಯ ಹತ್ತುವಂತೆ ನೇರವಾಗಿ ಹತ್ತುತ್ತದೆ. 2015ರಲ್ಲಿ ಬಂದ ಐದು ಬಣ್ಣಗಳಿಗೆ ಆಧಾರ ಫಿಟ್ಜ್‌ಪ್ಯಾಟ್ರಿಕ್ ಮಾಪಕ. ಚರ್ಮವು ಬಿಸಿಲಿಗೆ ಹೇಗೆ ಪ್ರತಿಕ್ರಿಯಿಸುತ್ತದೆಂದು ತಿಳಿಯಲು ಚರ್ಮವೈದ್ಯಶಾಸ್ತ್ರ ರೂಪಿಸಿಕೊಂಡ ಆರು ವರ್ಗಗಳಲ್ಲಿ ಅತಿ ತಿಳಿಯಾದ ಎರಡನ್ನು ಇಲ್ಲಿ ಒಂದಾಗಿಸಲಾಗಿದೆ. ಅಸ್ಮಿತೆಯ ಪ್ರಶ್ನೆಗೆ ವೈದ್ಯಕೀಯ ಅಳತೆಗೋಲಿನ ಉತ್ತರ! ಪ್ರತ್ಯಯವಿಲ್ಲದ ಹಳದಿ ತಟಸ್ಥವಾಗಿರಲೆಂಬುದು ಉದ್ದೇಶ. ಆದರೆ ಆಯ್ಕೆಯೊಂದು ಲಭ್ಯವಾದ ಮೇಲೆ ಆಯದಿರುವುದೂ ಅರ್ಥವನ್ನು ಹೊರುತ್ತದೆ.

ಈ ವ್ಯಾಕರಣ ತನ್ನ ಮಿತಿಯನ್ನು ಮುಟ್ಟಿದ್ದು ಕುಟುಂಬದ ಎಮೋಜಿಯಲ್ಲಿ. ಪ್ರತಿ ಸದಸ್ಯರಿಗೂ ಲಿಂಗ, ಬಣ್ಣಗಳನ್ನು ಬೇರೆಬೇರೆಯಾಗಿ ಹಚ್ಚಿದರೆ ಸಂಯೋಜನೆಗಳು ಸಾವಿರಾರು, ಕೀಲಿಮಣೆ ತಾಳದು. 2023ರ ಎಮೋಜಿ 15.1 ಆವೃತ್ತಿ ನಾಲ್ಕೇ ಸಾಮಾನ್ಯ ರೂಪಗಳನ್ನು ತಂದಿತು: ವಯಸ್ಕರು ಒಬ್ಬರು ಅಥವಾ ಇಬ್ಬರು, ಮಕ್ಕಳು ಒಬ್ಬರು ಅಥವಾ ಇಬ್ಬರು. 2024ರಲ್ಲಿ ಆಪಲ್ ತನ್ನ ಹಳೆಯ ಕುಟುಂಬಗಳನ್ನೂ ಛಾಯಾಕೃತಿಗಳಾಗಿ ಬದಲಿಸಿತು. ಇಬ್ಬರು ತಾಯಂದಿರ ಕುಟುಂಬಕ್ಕೆ ದೊರೆತಿದ್ದ ಮುಖಗಳೂ ಅದರೊಡನೆ ಅಳಿದವು.