ಕಾರ್ಡು ಕೆಟ್ಟಿಲ್ಲ, ಪರಿಚಯವಾಗಿಲ್ಲ ಅಷ್ಟೆ!

ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದಾಯಿತು. ಪರದೆ, ಕೀಲಿಮಣೆ, ಮೌಸ್ ಎಲ್ಲವೂ ಸರಿ. ಇಂಟರ್‌ನೆಟ್ ಮಾತ್ರ ಇಲ್ಲ. ‘ನೆಟ್‌ವರ್ಕ್ ಕಾರ್ಡ್ ಪತ್ತೆಯಾಗಿಲ್ಲ’ ಎನ್ನುತ್ತದೆ ಯಂತ್ರ. ಮಗಳ ಪ್ರವೇಶ ಪರೀಕ್ಷೆಯ ಅರ್ಜಿಗೆ ನಾಳೆಯೇ ಕೊನೆಯ ದಿನ. ಆಗ ಯಾರಾದರೂ ‘ಮದರ್‌ಬೋರ್ಡೇ ಬದಲಿಸಬೇಕು’ ಎಂದರೆ ತಂದೆಯ ಜೇಬಿಗೆ ಕತ್ತರಿ ಬಿದ್ದಂತೆಯೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ವಿಂಡೋಸ್ 11ಕ್ಕೋ ಲಿನಕ್ಸ್‌ಗೋ ಹೊರಳುವ ಮನೆಗಳಲ್ಲಿ ಈ ತೊಡಕು ಎದುರಾಗುವುದುಂಟು. ಹಣ ತೆರುವ ಮುನ್ನ ಸ್ವಲ್ಪ ಯೋಚಿಸೋಣ.

ದುಭಾಷಿ ಬೇಕು

ಕಾರ್ಡು ಒಂದು ಭಾಷೆಯವನು, ಆಪರೇಟಿಂಗ್ ಸಿಸ್ಟಂ ಇನ್ನೊಂದು ಭಾಷೆಯವನು ಎಂದುಕೊಳ್ಳಿ. ಇವರ ನಡುವಿನ ದುಭಾಷಿಯೇ ‘ಡ್ರೈವರ್’ ಎಂಬ ತಂತ್ರಾಂಶ. ಹೊಸ ಸಿಸ್ಟಂನ ಜೊತೆ ಸಾವಿರಾರು ಡ್ರೈವರ್‌ಗಳು ಬಂದರೂ ನಿಮ್ಮ ಕಾರ್ಡಿನದು ಅದರಲ್ಲಿ ಇಲ್ಲದಿರಬಹುದು. ಆಗ ಕಾರ್ಡು ಎದುರಿಗಿದ್ದೂ ಮೂಕ.

ಮೂಕನಾದರೂ ಅದು ತನ್ನ ಕುಲಗೋತ್ರ ಹೇಳಬಲ್ಲದು! ಪಿಸಿಐ ಪದ್ಧತಿಯ ಪ್ರತಿ ಕಾರ್ಡಿನಲ್ಲೂ ಎರಡು ಸಂಖ್ಯೆಗಳು ಅಡಗಿವೆ: ಒಂದು ತಯಾರಕರದು, ಇನ್ನೊಂದು ಮಾದರಿಯದು. ಇವು ಹದಿನಾರರ ಮಾನದ ನಾಲ್ಕು ನಾಲ್ಕು ಅಂಕಿಗಳು. ಒಂಬತ್ತರ ನಂತರ ಎ ಇಂದ ಎಫ್‌ವರೆಗಿನ ಅಕ್ಷರಗಳು ಬರುತ್ತವೆ. ಇಂಟೆಲ್‌ನ ಸಂಖ್ಯೆ 8086. ಇದು 1978ರಲ್ಲಿ ಬಂದ ಅದರ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಹೌದು. ತೈವಾನಿನ ರಿಯಲ್‌ಟೆಕ್‌ನದು 10ಇಸಿ.

ಮೂರು ಸಾಧ್ಯತೆಗಳು

ವಿಂಡೋಸ್‌ನಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಲಿನಕ್ಸ್‌ನಲ್ಲಾದರೆ ‘ಎಲ್‌ಎಸ್‌ಪಿಸಿಐ’ ಆದೇಶ ಕೊಡಿ.

ಒಂದು: ‘ಈಥರ್‌ನೆಟ್ ಕಂಟ್ರೋಲರ್’ ಎಂಬ ಹೆಸರಿನ ಪಕ್ಕ ಹಳದಿ ಗುರುತಿದೆ. ಸಂತೋಷಪಡಿ! ಕಾರ್ಡು ತನ್ನ ಸಂಖ್ಯೆ ಹೇಳುತ್ತಿದೆ. ಹೆಚ್ಚಿನಂಶ ಡ್ರೈವರ್ ಒಂದೇ ಕೊರತೆ.

ಎರಡು: ಪಟ್ಟಿಯಲ್ಲಿ ಕಾರ್ಡಿನ ಸುಳಿವೇ ಇಲ್ಲ. ಬಯಾಸ್‌ನಲ್ಲಿ ‘ಆನ್‌ಬೋರ್ಡ್ ಲ್ಯಾನ್’ ಬಂದ್ ಆಗಿದೆಯೇ ನೋಡಿ. ಕಾರ್ಡು ಬೇರೆಯಾಗಿದ್ದರೆ ವಿದ್ಯುತ್ ತಂತಿಯನ್ನು ಪೂರ್ತಿ ತೆಗೆದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಕಾರ್ಡನ್ನು ಸ್ಲಾಟಿನಲ್ಲಿ ಮತ್ತೆ ಕೂರಿಸಿ.

ಮೂರು: ಕಾರ್ಡೂ ಇದೆ, ಡ್ರೈವರೂ ಇದೆ, ಸಂಪರ್ಕವಿಲ್ಲ. ಕೇಬಲ್ಲನ್ನೂ ರೂಟರನ್ನೂ ಪರೀಕ್ಷಿಸಿ.

ಬೀಜ ಮೊದಲೋ, ವೃಕ್ಷ ಮೊದಲೋ?

ಡ್ರೈವರ್ ತರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು! ಇದಕ್ಕೂ ಉಪಾಯವಿದೆ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆರಿಸಿದರೆ ಸಾಮಾನ್ಯವಾಗಿ ಫೋನೇ ತಾತ್ಕಾಲಿಕ ನೆಟ್‌ವರ್ಕ್ ಕಾರ್ಡ್ ಆಗುತ್ತದೆ. ಇಲ್ಲವೇ ಸ್ನೇಹಿತರ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ನಲ್ಲಿ ಡ್ರೈವರ್ ತನ್ನಿ. ಅದನ್ನು ಕಂಪ್ಯೂಟರಿನ ಅಥವಾ ಚಿಪ್ಪಿನ ತಯಾರಕರ ತಾಣದಿಂದಲೇ ಪಡೆಯಿರಿ. ಕಂಡಕಂಡಲ್ಲಿ ಸಿಗುವ ‘ಉಚಿತ ಡ್ರೈವರ್’ ಜೊತೆ ವೈರಸ್ಸೂ ಬಂದೀತು. ಲಿನಕ್ಸ್‌ನಲ್ಲಿ ಕೆಲವು ವೈ-ಫೈ ಕಾರ್ಡುಗಳಿಗೆ ಫರ್ಮ್‌ವೇರ್ ಸಹ ಬೇಕು. ಡೆಬಿಯನ್ 2023ರ ತನ್ನ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರನ್ನು ಅನುಸ್ಥಾಪನಾ ಡಿಸ್ಕಿನಲ್ಲೇ ಸೇರಿಸಿದೆ.

ಆದರೂ ಕಾರ್ಡು ಸತ್ತಿದೆಯೇ ಎಂಬ ಅನುಮಾನ ಉಳಿದರೆ? ಪ್ರಯೋಗಶಾಲೆಯ ಕ್ರಮವನ್ನೇ ಅನುಸರಿಸಿ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಪೆನ್‌ಡ್ರೈವ್‌ನಿಂದಲೇ ಓಡುವ ‘ಲೈವ್’ ಲಿನಕ್ಸ್‌ನಿಂದ ಕಂಪ್ಯೂಟರನ್ನು ಆರಂಭಿಸಿ. ಅನುಸ್ಥಾಪನೆಯನ್ನು ಆರಿಸದಿದ್ದರೆ ಹಾರ್ಡ್‌ಡಿಸ್ಕ್ ಹಾಗೆಯೇ ಇರುತ್ತದೆ. ಅಲ್ಲಿ ಇಂಟರ್‌ನೆಟ್ ಬಂದರೆ ಕಾರ್ಡು ನಿರ್ದೋಷಿ, ತಪ್ಪು ತಂತ್ರಾಂಶದ್ದು. ಬಾರದಿದ್ದರೆ ಮಾತ್ರ ಅದು ಕಾರ್ಡು ಕೆಟ್ಟಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಆ ಲಿನಕ್ಸ್‌ಗೂ ಡ್ರೈವರ್ ಇಲ್ಲದಿರಬಹುದು.

ಮುಂದಿನ ಸಲ ಹಳೆಯ ಸಿಸ್ಟಂ ಅಳಿಸುವ ಮುನ್ನವೇ ಕಾರ್ಡಿನ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಡ್ರೈವರನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ಅರ್ಜಿಯ ಕೊನೆಯ ದಿನ ಕಾಯುವುದಿಲ್ಲವಲ್ಲ!