ಚೌಕಾಸಿಗೆ ಸಿಗದ ಜಗಳಗಳು

1965ರ ಡಿಸೆಂಬರ್. ಹೊಸದಾಗಿ ಹುಟ್ಟಿದ ಮಲೇಷ್ಯಾವನ್ನು ಒಪ್ಪದ ಇಂಡೊನೇಷ್ಯಾ ಬೋರ್ನಿಯೊದ ಕಾಡುಗಳಲ್ಲಿ ಇನ್ನೂ ಗಡಿ ಕಾಳಗ ನಡೆಸುತ್ತಿತ್ತು. ಸಿಂಗಪುರ ಮಲೇಷ್ಯಾದಿಂದ ಬೇರೆಯಾಗಿ ನಾಲ್ಕು ತಿಂಗಳಾಗಿತ್ತಷ್ಟೇ. ಅಂಥ ಹೊತ್ತಿನಲ್ಲಿ ಈ ಮೂರೂ ಕಡೆಯವರನ್ನು ಲಂಡನ್ನಿನ ಒಂದು ಕೋಣೆಯಲ್ಲಿ ಕೂರಿಸಿದವರು ಯೂನಿವರ್ಸಿಟಿ ಕಾಲೇಜಿನ ಒಬ್ಬ ಮೇಷ್ಟ್ರು, ಜಾನ್ ಬರ್ಟನ್.

32ನೇ ವಯಸ್ಸಿಗೇ ಆಸ್ಟ್ರೇಲಿಯಾದ ವಿದೇಶಾಂಗ ಇಲಾಖೆಯ ಕಾರ್ಯದರ್ಶಿಯಾಗಿದ್ದವರು ಅವರು. ತಂದೆ ಮೆಥಡಿಸ್ಟ್ ಪಾದ್ರಿ; ಫಿಜಿಯ ಕಬ್ಬಿನ ತೋಟಗಳಲ್ಲಿ ಭಾರತೀಯ ಕೂಲಿಗಳು ಪಡುತ್ತಿದ್ದ ಪಾಡನ್ನು 1910ರಲ್ಲೇ ಪುಸ್ತಕದಲ್ಲಿ ಬರೆದು ಹೊರಗೆಡವಿದವರು. ಇಂಡೊನೇಷ್ಯಾದ ಮೇಲೆ ಡಚ್ಚರು ಎರಡನೇ ಸಲ ಏರಿ ಹೋದಾಗ, 1949ರ ಜನವರಿಯಲ್ಲಿ ನೆಹರೂ ದೆಹಲಿಯಲ್ಲಿ ಕರೆದ ಸಮ್ಮೇಳನಕ್ಕೆ ಆಸ್ಟ್ರೇಲಿಯಾದ ಪರವಾಗಿ ಮಗ ಬಂದಿದ್ದರು. 1951ರಲ್ಲಿ ಸಿಲೋನಿಗೆ ಹೈಕಮಿಷನರ್ ಆಗಿ ಹೋದರೂ ಬೇಗನೆ ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತರು, ಸೋತರು. ಕೆಲಕಾಲ ಕೃಷಿ ಮಾಡಿ, 1963ರಲ್ಲಿ ಪಾಠ ಹೇಳಲು ಲಂಡನ್ನಿಗೆ ಹೋದರು.

ಆ ಕೋಣೆಯಲ್ಲಿ ಪತ್ರಕರ್ತರಿರಲಿಲ್ಲ. ಸಹಿ ಹಾಕಬೇಕಾದ ಒಪ್ಪಂದವೂ ಇರಲಿಲ್ಲ. ಮೊದಲು ಒಂದೊಂದು ಕಡೆಯವರೂ ಜಗಳ ತಮಗೆ ಹೇಗೆ ಕಾಣುತ್ತದೆಂದು ಹೇಳಬೇಕು. ಆಮೇಲೆ ಜೊತೆಗೆ ಕುಳಿತ ಸಮಾಜವಿಜ್ಞಾನಿಗಳು ಬೇರೆ ಕಡೆಯ ಜಗಳಗಳು ಹೇಗೆ ಬೆಳೆದವು, ಎಲ್ಲಿ ಬಿಗಡಾಯಿಸಿದವು ಎಂದು ವಿವರಿಸುವರು. ಪರಿಹಾರ ಇದೇ ಎಂದು ಯಾರೂ ಹೇಳಕೂಡದು. ಎದುರಾಳಿಯ ಮನಸ್ಸಿನಲ್ಲಿರುವುದು ದುರಾಸೆಯೋ ಭಯವೋ ಎಂಬುದು ಕೂತವರಿಗೇ ಹೊಳೆಯಬೇಕು. 1966ರ ಆಗಸ್ಟಿನಲ್ಲಿ ಆ ಕಾಳಗ ನಿಂತಿತು. ಅದರ ಶ್ರೇಯವನ್ನೆಲ್ಲ ಬರ್ಟನ್‌ಗೆ ಕೊಟ್ಟರೆ ಅತಿಯಾದೀತು. ಜಕಾರ್ತಾದಲ್ಲಿ ಅಧ್ಯಕ್ಷ ಸುಕಾರ್ನೊ ಅವರ ಹಿಡಿತ ಸಡಿಲಿದ್ದೇ ದೊಡ್ಡ ಕಾರಣ.

ನನಗೆ ಬರ್ಟನ್ ದೊಡ್ಡವರಾಗಿ ಕಾಣುವುದು ಬೇರೆ ಕಾರಣಕ್ಕೆ. ನಿವೃತ್ತ ರಾಯಭಾರಿಗಳು ಸಾಮಾನ್ಯವಾಗಿ ತಮ್ಮ ಗೆಲುವುಗಳ ನೆನಪನ್ನು ಬರೆಯುತ್ತಾರೆ. ಇವರು ತಮ್ಮ ವೃತ್ತಿ ಎಲ್ಲಿ ಕೈಸೋಲುತ್ತದೆ ಎಂಬುದನ್ನೇ ಪಾಠವಾಗಿಸಿದರು. ನೆಲ, ನೀರು, ಹಣಕ್ಕೆ ಚೌಕಾಸಿ ನಡೆದೀತು. ಆದರೆ ತಾನು ಯಾರೆಂಬ ಗುರುತು, ಜೀವಭಯವಿಲ್ಲದ ಬದುಕು, ಮನುಷ್ಯನೆಂಬ ಮಾನ್ಯತೆ ಇವನ್ನು ಅರ್ಧ ಬಿಟ್ಟುಕೊಡು ಎಂದರೆ ಯಾರೂ ಕೊಡುವುದಿಲ್ಲ. ಬಂದೂಕಿನಿಂದ ಕೆಲಕಾಲ ಅದುಮಿಡಬಹುದು, ಅಷ್ಟೇ. ಶ್ರೀಲಂಕಾದ ತಮಿಳರ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವು ಎಲ್ಲ ಮನುಷ್ಯರಿಗೂ ಬೇಕಾದ ಮೂಲ ಅಗತ್ಯಗಳೆಂಬುದು ಬರ್ಟನ್ ವಾದ. ಹೀಗೆ ಎಲ್ಲರ ಅಗತ್ಯವೂ ಒಂದೇ ಎಂದರೆ ಸಂಸ್ಕೃತಿಗಳ ವ್ಯತ್ಯಾಸ ಎಲ್ಲಿ ಹೋಯಿತು ಎಂದು ಮಾನವಶಾಸ್ತ್ರಜ್ಞರು ಕೇಳಿದರು. 1980ರ ದಶಕದಲ್ಲಿ ಬರ್ಟನ್ ಹೋಗಿ ಸೇರಿದ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲೇ ಈ ವಾದ ಜೋರಾಗಿ ನಡೆಯಿತು. ಆ ಟೀಕೆಯಲ್ಲಿ ಹುರುಳಿದೆ.

ಬರ್ಟನ್ ಪದ್ಧತಿ ಎಲ್ಲ ಕಡೆ ಫಲಿಸಲೂ ಇಲ್ಲ. 1966ರಲ್ಲಿ ಅವರು ಸೈಪ್ರಸ್‌ನ ಗ್ರೀಕರನ್ನೂ ತುರ್ಕರನ್ನೂ ಹೀಗೆಯೇ ಕೂರಿಸಿದ್ದರು. ಎಂಟು ವರ್ಷಗಳಲ್ಲಿ ದ್ವೀಪ ಎರಡು ಹೋಳಾಯಿತು. ಆದರೆ ಆ ಸಭೆಯಲ್ಲಿ ಕುಳಿತಿದ್ದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಕೆಲ್ಮನ್ ಅದೇ ಪದ್ಧತಿಯನ್ನು ಹಾರ್ವರ್ಡ್‌ಗೆ ಒಯ್ದು, ಇಸ್ರೇಲಿಗಳನ್ನೂ ಪ್ಯಾಲೆಸ್ಟೀನಿಯರನ್ನೂ ದಶಕಗಳ ಕಾಲ ಎದುರುಬದುರು ಕೂರಿಸಿದರು. ಅಲ್ಲಿ ಕೂತು ಎದ್ದವರಲ್ಲಿ ಕೆಲವರು ಮುಂದೆ ಆ ಎರಡು ಕಡೆಯವರ ಓಸ್ಲೊ ಶಾಂತಿ ಮಾತುಕತೆಯ ಹೊತ್ತಿಗೆ ತಮ್ಮ ತಮ್ಮ ನಾಯಕರ ಬಳಿ ಸಲಹೆಗಾರರಾಗಿ, ಸಂಧಾನಕಾರರಾಗಿ ಇದ್ದರು.