ಅಂಗಡಿ ಕಂಪ್ಯೂಟರ್‌ಗೂ ಬೀಗ ಬೇಕು

‘ನಮ್ಮಂಥ ಸಣ್ಣ ಅಂಗಡಿ ಮೇಲೆ ಯಾವ ಹ್ಯಾಕರ್ ಕಣ್ಣು ಹಾಕ್ತಾನೆ ಸಾರ್?’ ಅಂತ ಬಹಳ ಜನ ಕೇಳ್ತಾರೆ. ನಾನು ಹೇಳೋದಿಷ್ಟೆ: ರ‍್ಯಾನ್ಸಮ್‌ವೇರ್ ಅಂಗಡಿಯ ಬೋರ್ಡು ಓದಿಕೊಂಡು ಬರಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದಾಗ ಅದು ಹುಡುಕಿದ್ದು ಅಪ್‌ಡೇಟ್ ಆಗದ ವಿಂಡೋಸ್ ಕಂಪ್ಯೂಟರ್‌ಗಳನ್ನ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮದ್ದು ಕೊಟ್ಟಿತ್ತು; ಹಾಕಿಕೊಳ್ಳದವರ ಫೈಲುಗಳಿಗೆ ಬೀಗ ಬಿತ್ತು. ಬಿಡಿಸೋಕೆ 300 ಡಾಲರ್, ಅದೂ ಬಿಟ್‌ಕಾಯಿನ್‌ನಲ್ಲಿ!

ಬ್ಯಾಕಪ್ ಇದೆಯಲ್ಲ ಅನ್ನಬಹುದು. ಎಲ್ಲಿದೆ? ಟ್ಯಾಲಿ ಲೆಕ್ಕದ ಬ್ಯಾಕಪ್ ಇರೋ ಪೆನ್‌ಡ್ರೈವ್ ವರ್ಷವಿಡೀ ಅದೇ ಕಂಪ್ಯೂಟರ್‌ಗೆ ಚುಚ್ಚಿಕೊಂಡಿರೋದನ್ನ ಎಷ್ಟೋ ಕಡೆ ನೋಡಿದ್ದೇನೆ. ವೈರಸ್ ಬಂದರೆ ಅದನ್ನೂ ಬಿಡೋದಿಲ್ಲ. ಕಾಪಿ ಮಾಡಿ, ಕಿತ್ತು, ಮನೆಗೆ ಒಯ್ಯಿರಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆದೂ ನೋಡಿ. ಎಷ್ಟೋ ಬ್ಯಾಕಪ್‌ಗಳು ಬೇಕಾದ ದಿನವೇ ಕೈಕೊಡುತ್ತವೆ.

ಇನ್ನೊಂದು. ಮಾಲು ಕಳಿಸೋರು ‘ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಇಮೇಲ್ ಮಾಡಿದರೆ, ನಿಮ್ಮ ಹತ್ತಿರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳಿ, ಇಮೇಲ್‌ನಲ್ಲಿರೋ ನಂಬರಿಗಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ನಾಳೆ ನೋಡೋಣ ಅನ್ನೋದರೊಳಗೆ ಹಣ ನಾಲ್ಕು ಖಾತೆ ದಾಟಿರುತ್ತೆ.